ತಾಯಿಯ ತವರಿಗೆ ಬಂದ ಮಗು

(ಹೊಂಬಳದ ದತ್ತಿ ಉಪನ್ಯಾಸದ ಬರಹರೂಪ)



ಗಂಡ-ಹೆಂಡತಿ ಬೇರೆಯಾಗುವುದಕ್ಕೆ ನಮ್ಮ ಸೀಮೆಯ ಮಾತಿನಲ್ಲಿ ಶಬ್ದಗಳಿಗೆ ಬರವಿಲ್ಲ. ಹಳಬರು ಸೋಡಚೀಟಿ ಎಂದರು, ಫಾರಖತಿ ಎಂದರು. ಈಗಿನವರು ಡೈವರ್ಸ್ ಎನ್ನುತ್ತಾರೆ, ಪತ್ರಿಕೆಗಳು ವಿಚ್ಛೇದನ ಎಂದು ಬರೆಯುತ್ತವೆ. ಹೆಂಡತಿಗೆ ಸಿಗಬೇಕಾದ ಹಣಕ್ಕೆ ಪೋಟಗಿ ಎಂಬ ಹೆಸರಿದೆ. ಆಕೆ ಮತ್ತೆ ಮನೆ ಮಾಡಿಕೊಂಡರೆ ಉಡಕಿ. ಆಕೆಯನ್ನು ಚುಚ್ಚಬೇಕೆಂದರೆ 'ಗಂಡ ಬಿಟ್ಟಾಕಿ' ಎಂಬ ಮಾತೂ ಸಿದ್ಧವಾಗಿದೆ. ಇಬ್ಬರ ನಡುವೆ ನಿಂತ ಮಗುವಿಗೆ ಮಾತ್ರ ಹೆಸರಿಲ್ಲ. ತಂದೆ-ತಾಯಿ ತೀರಿಹೋದ ಮಗುವನ್ನು ತಬ್ಬಲಿ ಎನ್ನುತ್ತೇವೆ. ಅದಕ್ಕೊಂದು ದುಃಖವಿದೆ ಎಂದು ಊರಿಗೆ ಗೊತ್ತು, ದಿನಕರ್ಮಗಳಿಗೆ ನೆಂಟರು ಬರುತ್ತಾರೆ, ತಲೆ ಸವರುತ್ತಾರೆ. ತಂದೆ-ತಾಯಿ ಇಬ್ಬರೂ ಬದುಕಿದ್ದಾರೆ, ಒಂದೇ ತಾಲ್ಲೂಕಿನಲ್ಲಿದ್ದಾರೆ, ಒಂದೇ ಸಂತೆಗೆ ಹೋಗುತ್ತಾರೆ. ಆದರೆ ಒಬ್ಬರ ಹೆಸರನ್ನು ಇನ್ನೊಬ್ಬರ ಮನೆಯಲ್ಲಿ ಎತ್ತುವಂತಿಲ್ಲ. ಹೀಗೆ ಬೆಳೆಯುವ ಮಗುವಿನ ಜೊತೆ ಏನು ಮಾತಾಡಬೇಕೆಂದು ನಮಗೆ ತಿಳಿಯುವುದಿಲ್ಲ, ಅದಕ್ಕೇ ಮಾತಾಡದೆ ಇದ್ದುಬಿಡುತ್ತೇವೆ. ನನ್ನ ಇಂದಿನ ವಾದ ಈ ಮೌನದ ಮೇಲೆ. ತಂದೆ-ತಾಯಿ ಬೇರೆಯಾದಾಗ ಮಗುವಿಗೆ ಪೆಟ್ಟು ಬೀಳುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಪೆಟ್ಟನ್ನು ಮಾಯಲು ಬಿಡದಿರುವ ಸಂಗತಿಗಳು ಎರಡು: ಬೇರೆಯಾದ ಮೇಲೂ ಮುಗಿಯದ ಜಗಳ, ಮತ್ತು ಮಗುವಿಗೆ ಯಾರೂ ಹೇಳದ ಮಾತು. ಎರಡೂ ದೊಡ್ಡವರ ಕೈಯಲ್ಲಿವೆ.

ವಿಚ್ಛೇದನ ಪೇಟೆಯವರ ರೋಗ, ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯ ಕಥೆ ಎಂಬ ನಂಬಿಕೆಯನ್ನು ಮೊದಲು ಬದಿಗಿಡಬೇಕು. ಸ್ವಾತಂತ್ರ್ಯದ ಹೊತ್ತಿಗೆ ನಮ್ಮ ಗದಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಮುಂಬಯಿ ಸರಕಾರ ಹಿಂದೂ ವಿಚ್ಛೇದನ ಕಾಯ್ದೆಯನ್ನು 1947ರಲ್ಲೇ ತಂದಿತು. ಇಡೀ ದೇಶಕ್ಕೆ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅಂದರೆ ಕಾನೂನಿನ ಈ ಬಾಗಿಲು ನಮ್ಮ ಕಡೆ ಎಂಟು ವರ್ಷ ಮೊದಲೇ ತೆರೆದಿತ್ತು. ಕಾನೂನಿಗಿಂತ ಹಳೆಯದು ರೂಢಿ. ಅನೇಕ ಸಮುದಾಯಗಳಲ್ಲಿ ದೈವದವರ, ಅಂದರೆ ಪಂಚರ ಮುಂದೆ ಸೋಡಚೀಟಿ ಆಗುತ್ತಿತ್ತು, ಆಮೇಲೆ ಉಡಕಿ ಆಗುತ್ತಿತ್ತು. 1955ರ ಕಾಯ್ದೆಯ 29ನೆಯ ಕಲಮು ಆ ರೂಢಿಯನ್ನು ಇವತ್ತಿಗೂ ಒಪ್ಪುತ್ತದೆ, ರೂಢಿ ಇತ್ತೆಂದು ಸಾಬೀತು ಮಾಡಬೇಕು ಅಷ್ಟೆ. ಆ ಪದ್ಧತಿಯಲ್ಲಿ ಹೆಣ್ಣಿಗೆ ಮತ್ತೊಂದು ಬದುಕಿಗೆ ದಾರಿಯಿತ್ತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಉಡಕಿ ಆಗಿ ಹೋದ ತಾಯಿಯ ಮಕ್ಕಳು ಸಾಮಾನ್ಯವಾಗಿ ತಂದೆಯ ಮನೆಯಲ್ಲೇ ಉಳಿಯುತ್ತಿದ್ದರು, ಯಾಕೆಂದರೆ ಅವು ಆ ಮನೆತನದ ಮಕ್ಕಳು. ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ದಲ್ಲಿ ಮರುಮದುವೆಯಾದ ವಿಧವೆ ಕಾತ್ಯಾಯನಿ ಮಗನನ್ನು ಮಾವನ ಮನೆಯಲ್ಲೇ ಬಿಟ್ಟು ಹೋಗಬೇಕಾಗುತ್ತದೆ. ಅಲ್ಲಿ ಜಾತಿ ಬೇರೆ, ಊರು ಬೇರೆ, ಕಾರಣ ಬೇರೆ, ಲೆಕ್ಕ ಮಾತ್ರ ಅದೇ. ಮಗು ವಂಶದ ಆಸ್ತಿ. ಆಸ್ತಿಯನ್ನು ಯಾರೂ ಕೂರಿಸಿಕೊಂಡು ಸಮಾಧಾನ ಹೇಳುವುದಿಲ್ಲ.

ಈಗಿನ ಸ್ಥಿತಿ ಇನ್ನಷ್ಟು ಮಬ್ಬಾಗಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ, ಕಾಗದವಿಲ್ಲದೆ ಬೇರೆಯಾಗಿ ಬದುಕುತ್ತಿರುವವರು ಸುಮಾರು 35 ಲಕ್ಷ. ಈ ಎರಡನೆಯ ಅಂಕಿಯೇ ನಮ್ಮ ಹಳ್ಳಿಗಳದ್ದು. ಇದು ಹೇಗೆ ನಡೆಯುತ್ತದೆಂದು ಎಲ್ಲರಿಗೂ ಗೊತ್ತು. ನಾಗರ ಪಂಚಮಿಗೆಂದು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದ ಮಗಳು ದೀಪಾವಳಿಗೂ ತಿರುಗಿ ಹೋಗುವುದಿಲ್ಲ. ಮಕ್ಕಳಿಗೆ 'ಹಬ್ಬ ಮುಗಿಸಿಕೊಂಡು ಹೋಗೂಣು' ಎಂದಿರುತ್ತಾರೆ. ಹಬ್ಬ ಮುಗಿದ ಮೇಲೆ 'ಅಪ್ಪ ಕರಿಯಾಕ ಬರತಾನ' ಎನ್ನುತ್ತಾರೆ. ಒಂದೆರಡು ಸಲ ಹಿರಿಯರು ಕೂಡುತ್ತಾರೆ, ಮಾತು ಹರಿಯುವುದಿಲ್ಲ. ಪಾಟಿಚೀಲ, ಯುನಿಫಾರಂ, ಗೆಳೆಯರು, ಸಾಕಿದ ನಾಯಿಮರಿ ಎಲ್ಲವೂ ಆ ಊರಲ್ಲಿ. ಮಗು ಈ ಊರಲ್ಲಿ. ಹಾಜರಿ ಪುಸ್ತಕದಲ್ಲಿ ಅಲ್ಲಿ ಗೈರುಹಾಜರಿ ಬೀಳುತ್ತ ಹೋಗುತ್ತದೆ, ಇಲ್ಲಿ ಹೆಸರು ಹಚ್ಚಿರುವುದಿಲ್ಲ. ರೇಶನ್ ಕಾರ್ಡಿನಲ್ಲಿ ಮಗುವಿನ ಪಾಲಿನ ಅಕ್ಕಿ ತಂದೆಯ ಮನೆಗೆ ಹೋಗುತ್ತದೆ. ಇಲ್ಲಿ ವಿಚ್ಛೇದನವೇ ಆಗಿಲ್ಲ, ಆದ್ದರಿಂದ ಮಗುವಿಗೆ ಹೇಳುವಂಥದ್ದು ಏನೂ ಆಗಿಲ್ಲ ಎಂಬುದು ದೊಡ್ಡವರ ತರ್ಕ. ಮಗುವಿನ ಮಟ್ಟಿಗೆ ಆಗಬೇಕಾದದ್ದೆಲ್ಲ ಆಗಿಹೋಗಿದೆ. ಒಂದು ವ್ಯತ್ಯಾಸವೆಂದರೆ ಅದಕ್ಕೆ ಮುಕ್ತಾಯದ ದಿನಾಂಕವಿಲ್ಲ. ಕೋರ್ಟಿನ ಹುಕುಮು ಎಷ್ಟೇ ಕಹಿಯಾಗಿರಲಿ, ಕಾಯುವುದನ್ನಾದರೂ ನಿಲ್ಲಿಸುತ್ತದೆ. ತವರಿಗೆ ಬಂದ ಮಗು ಮೂರು ವರ್ಷ, ಐದು ವರ್ಷ ಕಾಯುತ್ತಲೇ ಇರುತ್ತದೆ.

ಮಗುವಿನ ಮನಸ್ಸು ಬರಿದಾಗಿ ಇರಲಾರದು. ಕಾರಣ ಹೇಳದಿದ್ದರೆ ತಾನೇ ಒಂದನ್ನು ಕಟ್ಟಿಕೊಳ್ಳುತ್ತದೆ. ನಾಲ್ಕೈದು ವರ್ಷದ ಮಕ್ಕಳು ಕಟ್ಟಿಕೊಳ್ಳುವ ಕಾರಣ ಬಹುತೇಕ ಒಂದೇ: ನಾನು ಹಟ ಮಾಡಿದೆ, ಅದಕ್ಕೇ ಅಪ್ಪ ಬರುವುದಿಲ್ಲ. ಆ ವಯಸ್ಸಿನ ಬುದ್ಧಿಗೆ ಜಗತ್ತಿನ ಎಲ್ಲ ಘಟನೆಗೂ ತಾನೇ ಕೇಂದ್ರ. ಒಬ್ಬರು ಹೋದರಲ್ಲ, ಇನ್ನೊಬ್ಬರೂ ಹೋದಾರೆಂಬ ಅಂಜಿಕೆಯಿಂದ ತಾಯಿಯ ಸೆರಗು ಬಿಡುವುದಿಲ್ಲ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ತಿರುಗಿ ಬರುತ್ತದೆ. ಏಳೆಂಟು ವರ್ಷದವರದು ನೇರವಾದ ದುಃಖ. ಹತ್ತು ಹನ್ನೆರಡರ ಹೊತ್ತಿಗೆ ಸಿಟ್ಟು ಬರುತ್ತದೆ, ತಪ್ಪು ಯಾರದು ಎಂಬ ತೀರ್ಪು ಬರುತ್ತದೆ, ಮಗು ಒಂದು ಪಕ್ಷ ಸೇರುತ್ತದೆ. ಹದಿಹರೆಯದವರು ಇನ್ನೊಂದು ದಾರಿ ಹಿಡಿಯುತ್ತಾರೆ, ಅಕಾಲದಲ್ಲಿ ಹಿರಿಯರಾಗುತ್ತಾರೆ. ನಮಗೆ ಈ ಕೊನೆಯ ಬಗೆ ಬಹಳ ಇಷ್ಟ. 'ಹುಡುಗ ಭಾಳ ಶಾಣ್ಯಾ ಆಗ್ಯಾನ, ಹೊಂದಿಕೊಂಡಾನ' ಎಂದು ಹೊಗಳುತ್ತೇವೆ. ಗದುಗಿನ ಭಾರತದ ಸೀಮೆಯವರು ನಾವು, ಒಂದು ಮಾತು ಹೇಳಿಬಿಡುತ್ತೇನೆ: ಗಂಗೆ ಶಂತನುವನ್ನು ಬಿಟ್ಟು ಹೋದಳು, ಮಗ ದೇವವ್ರತ ತಾಯಿಯ ಬಳಿ ಬೆಳೆದು ಆಮೇಲೆ ತಂದೆಯ ಕೈಗೆ ಬಂದ, ಬಂದವನು ತಂದೆಯ ಎರಡನೆಯ ಮದುವೆ ಕೂಡಿಬರಲೆಂದು ತನ್ನ ಬದುಕನ್ನೇ ಬರೆದುಕೊಟ್ಟ. ನಾವು ಅದಕ್ಕೆ ಭೀಷ್ಮಪ್ರತಿಜ್ಞೆ ಎಂದು ಹೆಸರಿಟ್ಟು ಕೈಮುಗಿದೆವು. ಮಗು ಹೊಂದಿಕೊಂಡಿದೆ ಎನ್ನುವಾಗ, ಅದು ತನ್ನ ಬೇಕು-ಬೇಡಗಳನ್ನು ಕೇಳುವುದನ್ನೇ ಬಿಟ್ಟಿದೆಯೋ ಎಂದು ಒಮ್ಮೆ ನೋಡುವುದು ಒಳ್ಳೆಯದು.

ಈ ಮಗುವಿನ ಕೆಲಸ ಏನೆಂದು ಹತ್ತಿರದಿಂದ ನೋಡೋಣ. ಸಂಜೆ ಅಜ್ಜಿಯ ಮೊಬೈಲಿಗೆ ತಂದೆಯ ಫೋನ್ ಬರುತ್ತದೆ. ಅಜ್ಜಿ ಮಾತಾಡದೆ ಮೊಮ್ಮಗನ ಕೈಗೆ ಕೊಡುತ್ತಾಳೆ. 'ಉಂಡೇನು? ಸಾಲಿಗೆ ಹೋಗಿದ್ದೇನು?' ಎಂದು ಮಾತು ಶುರುವಾಗಿ ಎರಡು ನಿಮಿಷದಲ್ಲಿ 'ನಿಮ್ಮವ್ವ ಎಲ್ಲದಾಳ? ಕೆಲಸಕ್ಕ ಹೊಕ್ಕಾಳೇನು? ಯಾರ ಕೂಡ ಹೊಕ್ಕಾಳ?' ಎಂಬಲ್ಲಿಗೆ ಬರುತ್ತದೆ. ಹುಡುಗ 'ಹೂಂ', 'ಗೊತ್ತಿಲ್ಲ' ಎನ್ನುತ್ತಾನೆ, ಗೋಡೆಯ ಕಡೆ ಮುಖ ಮಾಡಿಕೊಂಡು. ಫೋನ್ ಇಟ್ಟ ಕೂಡಲೇ ಒಳಗಿನಿಂದ ಪ್ರಶ್ನೆ: 'ಏನಂದ ನಿಮ್ಮಪ್ಪ? ರೊಕ್ಕದ ಸುದ್ದಿ ಏನರ ತಗದನೇನು?' ಹುಡುಗ 'ಏನಿಲ್ಲ' ಎನ್ನುತ್ತಾನೆ. ಎರಡೂ ಕಡೆಗೆ ಒಂದೊಂದು ಸುಳ್ಳು ಹೇಳಿ ಇಬ್ಬರನ್ನೂ ಕಾಪಾಡಿದ್ದಾನೆ. ಹತ್ತು ವರ್ಷದ ಹುಡುಗನಿಗೆ ಇದು ದಿನದ ಕೆಲಸ. ಇದಕ್ಕೆ ಕೋರ್ಟಿನ ಕಾಗದ ಬೇಕಿಲ್ಲ, ವಕೀಲರು ಬೇಕಿಲ್ಲ.

ಈ ದೂತಗೆಲಸ ಎಷ್ಟು ಕೆಟ್ಟದ್ದು ಎಂಬುದು ಬರಿಯ ಊಹೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬುಕಾನನ್, ಮ್ಯಾಕೊಬಿ ಮತ್ತು ಡಾರ್ನ್‌ಬುಶ್ ಎಂಬ ಸಂಶೋಧಕರು ವಿಚ್ಛೇದನವಾದ ಮನೆಗಳ 500ಕ್ಕೂ ಹೆಚ್ಚು ಹದಿಹರೆಯದವರನ್ನು ವಿಚಾರಿಸಿ 1991ರಲ್ಲಿ ವರದಿ ಪ್ರಕಟಿಸಿದರು. ಇಬ್ಬರ ನಡುವೆ ಸಿಕ್ಕಿಬಿದ್ದಿದ್ದೇವೆ ಎಂಬ ಭಾವನೆ ಇದ್ದವರಲ್ಲಿ ಖಿನ್ನತೆ ಹೆಚ್ಚು, ದಾರಿ ತಪ್ಪುವುದು ಹೆಚ್ಚು. ತಂದೆ-ತಾಯಿ ಪರಸ್ಪರ ಸಹಕರಿಸುತ್ತಿದ್ದಲ್ಲಿ ಆ ಭಾವನೆ ಕಡಿಮೆ, ಹಗೆ ಉಳಿದಿದ್ದಲ್ಲಿ ಹೆಚ್ಚು. ಬ್ರಿಟನ್ನಿನಲ್ಲಿ 1958ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಬೆನ್ನುಹತ್ತಿದ ದೊಡ್ಡ ಅಧ್ಯಯನವೊಂದಿದೆ. ಆಂಡ್ರ್ಯೂ ಚೆರ್ಲಿನ್ ಮತ್ತು ಜೊತೆಗಾರರು ಅದರ ಅಂಕಿಗಳನ್ನು ಜರಡಿ ಹಿಡಿದಾಗ, ವಿಚ್ಛೇದನದ ಫಲವೆಂದು ಎಣಿಸಿದ್ದ ತೊಂದರೆಗಳ ದೊಡ್ಡ ಪಾಲು, ಗಂಡುಹುಡುಗರಲ್ಲಂತೂ, ತಂದೆ-ತಾಯಿ ಬೇರೆಯಾಗುವ ಮೊದಲೇ ಕಾಣಿಸಿಕೊಂಡಿತ್ತು. ಅಂದರೆ ಜಗಳದ ಮನೆಯಲ್ಲೇ ಮಗು ಬಾಡಲು ಶುರುವಾಗಿತ್ತು. ಕೋರ್ಟಿಗೆ ಹೋದ ದಿನ ನಮ್ಮ ಕಣ್ಣಿಗೆ ಬಿತ್ತು.

ಇದಕ್ಕೆ ಎದುರಾಗಿ ಜುಡಿತ್ ವಾಲರ್‌ಸ್ಟೈನ್ ಹೆಸರು ಹೇಳುವವರಿದ್ದಾರೆ. ಆಕೆ 1971ರಿಂದ ಕ್ಯಾಲಿಫೋರ್ನಿಯಾದ 60 ಕುಟುಂಬಗಳ 131 ಮಕ್ಕಳನ್ನು ಇಪ್ಪತ್ತೈದು ವರ್ಷ ಹಿಂಬಾಲಿಸಿ, ಆ ನೋವು ಅವರ ಸ್ವಂತ ಮದುವೆಯ ವಯಸ್ಸಿನವರೆಗೂ ಬರುತ್ತದೆ ಎಂದರು. ಮಕ್ಕಳ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳಿದವರು ಕಡಿಮೆ, ಅದಕ್ಕೆ ಗೌರವ ಸಲ್ಲಬೇಕು. ಆದರೆ ಆಕೆ ಆರಂಭದಲ್ಲಿ ಹೋಲಿಕೆಗೆ ಕೂಡಿ ಬಾಳಿದ ಮನೆಗಳ ಮಕ್ಕಳನ್ನು ಇಟ್ಟುಕೊಂಡಿರಲಿಲ್ಲ. ವರ್ಜೀನಿಯಾದ ಮೇವಿಸ್ ಹೆದರಿಂಗ್ಟನ್ ಸುಮಾರು 1,400 ಕುಟುಂಬಗಳನ್ನು ಹೋಲಿಕೆಯೊಂದಿಗೆ ನೋಡಿದರು. ವಿಚ್ಛೇದನದ ಮನೆಗಳಲ್ಲಿ ಶೇಕಡಾ 20ರಿಂದ 25ರಷ್ಟು ಮಕ್ಕಳಿಗೆ ಗಂಭೀರ ತೊಂದರೆ ಉಳಿಯಿತು, ಕೂಡಿದ ಮನೆಗಳಲ್ಲಿ ಶೇಕಡಾ 10. ಈ ಅಂಕಿಯನ್ನು ಎರಡು ಬಗೆಯಲ್ಲೂ ಓದಬಹುದು, ಎರಡೂ ನಿಜ: ಅಪಾಯ ಎರಡು ಪಟ್ಟು, ನಾಲ್ವರಲ್ಲಿ ಮೂವರು ಮಕ್ಕಳು ನೆಟ್ಟಗೆ ಬೆಳೆದರು. ಮೊದಲನೆಯದನ್ನು ಮರೆತವರು ಹಗುರವಾಗಿ ಮಾತಾಡುತ್ತಾರೆ. ಎರಡನೆಯದನ್ನು ಮರೆತವರು ಆ ಮಗುವಿನ ಹಣೆಬರಹ ಮುಗಿಯಿತು ಎಂದು ಅದರ ಎದುರಿಗೇ ಲೊಚಗುಟ್ಟುತ್ತಾರೆ. ನಮ್ಮೂರುಗಳಲ್ಲಿ ಎರಡನೆಯವರೇ ಹೆಚ್ಚು.

'ಏನೇ ಆಗಲಿ, ಮಕ್ಕಳ ಮುಖ ನೋಡಿ ಕೂಡಿ ಇರಬೇಕಿತ್ತು' ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಅದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಪಾಲ್ ಅಮಾಟೊ ಮತ್ತು ಸಂಗಡಿಗರು 1995ರಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಹೊಡೆದಾಟ, ಬಯ್ದಾಟ ತುಂಬಿದ ಮದುವೆ ಮುರಿದಾಗ ಮಕ್ಕಳು ದೊಡ್ಡವರಾದ ಮೇಲೆ, ಅಂಥದೇ ಮನೆಯಲ್ಲಿ ಉಳಿದವರಿಗಿಂತ ಚೆನ್ನಾಗಿದ್ದರು. ಜಗಳ ಹೆಚ್ಚಿಲ್ಲದ ಮದುವೆ ಮುರಿದಾಗ ಮಕ್ಕಳಿಗೆ ಕೆಡುಕೇ ಆಗಿತ್ತು. ಆದ್ದರಿಂದ ಮಕ್ಕಳ ಮುಖ ನೋಡಿ ಎಂಬ ಮಾತು ಅರ್ಧ ಸರಿ. ಬೇಸರಕ್ಕೆ, ಅತ್ತೆಯ ಒಂದು ಮಾತಿಗೆ, ಅಂತಸ್ತಿನ ಹಟಕ್ಕೆ ಮುರಿಯುವ ಮನೆಗೆ ಅದನ್ನು ಹೇಳೋಣ. ಕುಡಿದು ಬಂದು ಹೊಡೆಯುವ ಮನೆಗೆ ಹೇಳಿದರೆ, ಆ ಮುಖವನ್ನು ನೋಡಿದ್ದೇವೆಯೇ ಎಂಬ ಪ್ರಶ್ನೆ ಏಳುತ್ತದೆ; ರಾತ್ರಿ ಬಾಗಿಲ ಸಪ್ಪಳಕ್ಕೆ ಕಣ್ಣು ಮುಚ್ಚಿ ನಿದ್ದೆ ನಟಿಸುವ ಮುಖ ಅದು. ಲೋಕ ಅದಾಲತ್ ಮುಗಿದ ಮರುದಿನ ಪತ್ರಿಕೆಗಳಲ್ಲಿ ಬರುವ ಚಿತ್ರವನ್ನು ನೀವು ನೋಡಿದ್ದೀರಿ. ಮತ್ತೆ ಒಂದಾದ ದಂಪತಿ ಹಾರ ಬದಲಾಯಿಸಿಕೊಳ್ಳುತ್ತಿರುತ್ತಾರೆ, ಪಕ್ಕದಲ್ಲಿ ನ್ಯಾಯಾಧೀಶರು, ಸಿಹಿ ಹಂಚಿಕೆ, ಕೆಲವೊಮ್ಮೆ ನಡುವೆ ಮಗು. ಆ ಒಂದಾಗುವಿಕೆಗಳಲ್ಲಿ ಕೆಲವಾದರೂ ನಿಜವಾಗಿ ಗಟ್ಟಿಯಾಗುತ್ತವೆ, ಅದು ಸಂತೋಷದ ಸಂಗತಿ. ಆದರೆ ಆರು ತಿಂಗಳ ಮೇಲೆ ಅದೇ ಮನೆಯ ಚಿತ್ರ ತೆಗೆಯಲು ಯಾರೂ ಹೋಗುವುದಿಲ್ಲ.

ಇವೆಲ್ಲ ಅಮೆರಿಕದ, ಬ್ರಿಟನ್ನಿನ ಲೆಕ್ಕ, ನಮ್ಮಲ್ಲಿ ಅಜ್ಜ-ಅಜ್ಜಿ, ಸೋದರಮಾವ ಇದ್ದಾರೆ, ಮಗು ಒಂಟಿಯಾಗುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ದೊಡ್ಡ ಸತ್ಯವಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಎಳೆಗೂಸಾಗಿದ್ದಾಗಲೇ ತಂದೆ-ತಾಯಿಯನ್ನು ಕಳೆದುಕೊಂಡು ಸೋದರಮಾವನ ಆಸರೆಯಲ್ಲಿ ಬೆಳೆದವರು. ಆ ಆಸರೆ ಏನು ಮಾಡಬಲ್ಲದೆಂದು ಈ ಸೀಮೆಗೆ ಬೇರೆಯವರು ಹೇಳಿಕೊಡಬೇಕಿಲ್ಲ. ತುಂಬಿದ ಮನೆಯಲ್ಲಿ ರೊಟ್ಟಿ ತಪ್ಪುವುದಿಲ್ಲ, ಮಡಿಲು ತಪ್ಪುವುದಿಲ್ಲ. ಆದರೆ ಅದೇ ತುಂಬಿದ ಮನೆ ಜಗಳವನ್ನೂ ತುಂಬಿಕೊಳ್ಳುತ್ತದೆ. ಅಲ್ಲಿ ಇಬ್ಬರು ಬೇರೆಯಾದರೆ ಇಲ್ಲಿ ಎರಡು ಮನೆತನ ಬೇರೆಯಾಗುತ್ತವೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ರಕ್ತಸಂಬಂಧದಲ್ಲೇ ಕೊಟ್ಟವರು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸೋದರಮಾವನನ್ನೇ ಮದುವೆಯಾದ ತಾಯಿ ಮುನಿದು ತವರಿಗೆ ಬಂದರೆ, ಆ ತವರು ಮಗುವಿನ ತಂದೆಗೆ ಅಕ್ಕನ ಮನೆ. ಅಜ್ಜಿಗೆ ಒಂದು ಕಡೆ ಹೊಟ್ಟೆಯ ಮಗಳು, ಇನ್ನೊಂದು ಕಡೆ ಬೆನ್ನಿಗೆ ಬಿದ್ದ ತಮ್ಮ. ಪ್ರತಿ ಮದುವೆ, ಪ್ರತಿ ಜವಳ, ಪ್ರತಿ ಜಾತ್ರೆಯಲ್ಲಿ ಮಗು ಯಾರ ಸಾಲಿನಲ್ಲಿ ಉಣ್ಣಲು ಕೂತಿತು ಎಂದು ನೋಡುವ ಕಣ್ಣುಗಳು ಇಪ್ಪತ್ತು. ಕ್ಯಾಲಿಫೋರ್ನಿಯಾದ ಮಗು ಇಬ್ಬರ ನಡುವೆ ಸಿಕ್ಕಿತ್ತು, ನಮ್ಮದು ಇಡೀ ಬಳಗದ ನಡುವೆ ಸಿಗುತ್ತದೆ. ಆದ್ದರಿಂದ ಆ ಅಧ್ಯಯನಗಳು ನಮಗೆ ಹೊಂದುವುದಿಲ್ಲ ಎನ್ನುವುದಾದರೆ, ನಮ್ಮ ಹೊರೆ ಇನ್ನೂ ಹೆಚ್ಚು ಎಂಬ ಅರ್ಥದಲ್ಲಿ ಹೊಂದುವುದಿಲ್ಲ.

ಚಿಕ್ಕ ಮಗುವಿಗೆ ಇದನ್ನೆಲ್ಲ ಹೇಳಿ ಅದರ ಮನಸ್ಸು ಯಾಕೆ ಕೆಡಿಸಬೇಕು ಎಂದು ಕೇಳುವವರು ಕರುಣೆಯಿಂದಲೇ ಕೇಳುತ್ತಾರೆ. ಹೇಳುವುದೆಂದರೆ ತಪ್ಪೊಪ್ಪಿಗೆಯಲ್ಲ, ದೂರೂ ಅಲ್ಲ. ತಂದೆಯ ಕುಡಿತ, ತಾಯಿಯ ಮೇಲಿನ ಸಂಶಯ, ವರದಕ್ಷಿಣೆಯ ಲೆಕ್ಕ ಮಗುವಿಗೆ ಬೇಕಿಲ್ಲ. ಬೇಕಾದ ಮಾತು ಮೂರೋ ನಾಲ್ಕೋ: ನಾವಿಬ್ಬರೂ ಇನ್ನು ಒಂದೇ ಮನೆಯಲ್ಲಿ ಇರುವುದಿಲ್ಲ, ಇದು ನಿನ್ನಿಂದ ಆದದ್ದಲ್ಲ, ನೀನು ಇಲ್ಲಿ ಇರುತ್ತೀ, ಅಪ್ಪನನ್ನು ಇಂಥ ದಿನ ಕಾಣುತ್ತೀ. ಐದು ವರ್ಷದ ಮಗುವಿಗೆ ಇದು ತಿಳಿಯುತ್ತದೆ. ಒಂದು ಸಲಕ್ಕೆ ತಿಳಿಯುವುದಿಲ್ಲ, ನಾಲ್ಕು ಸಲ ಹೇಳಬೇಕಾಗುತ್ತದೆ. ಹೇಳದೆ ಬೆಳೆಸಿದ ಮಕ್ಕಳ ಕಥೆ ನಮ್ಮ ಪುರಾಣದಲ್ಲೇ ಇದೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಹಾಡಿ ಕೇಳಿಸಿದ ಈ ನಾಡಿನಲ್ಲಿ ಲವ-ಕುಶರು ಯಜ್ಞದ ಕುದುರೆ ಕಟ್ಟಿದ್ದು ಎಲ್ಲರಿಗೂ ಗೊತ್ತು. ಆ ಕಾಳಗವನ್ನು ನಾವು ಶೌರ್ಯವೆಂದು ಕೇಳಿದೆವು. ತಂದೆ ಯಾರೆಂದು ತಿಳಿಯದ ಹುಡುಗರು ತಂದೆಯ ಎದುರೇ ಬಿಲ್ಲು ಎತ್ತಿದರೆಂಬುದನ್ನು ಅಷ್ಟಾಗಿ ಕೇಳಲಿಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿದೆ. ಮಕ್ಕಳು ತಂದೆ-ತಾಯಿಯ ಸೊತ್ತಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮು ಮಕ್ಕಳ ತಾಬೆ, ಪೋಟಗಿ, ಶಿಕ್ಷಣದ ಬಗ್ಗೆ ಹುಕುಮು ಮಾಡುವಾಗ ಸಾಧ್ಯವಿದ್ದಲ್ಲಿ ಮಕ್ಕಳ ಇಚ್ಛೆಯನ್ನು ನೋಡಬೇಕೆನ್ನುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಪಾಲಕತ್ವ ಕಾಯ್ದೆ ಹೇಳುತ್ತದೆ. ಮುಸ್ಲಿಮರ ಹನಫಿ ಪದ್ಧತಿಯಲ್ಲಿ ಗಂಡುಮಗು ಏಳರವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ತಾಬೆ. ಭಾರತ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಂತೆ, ಹಾನಿಯಿಲ್ಲದಿದ್ದರೆ ಇಬ್ಬರನ್ನೂ ಕಾಣುವುದು ಮಗುವಿನ ಹಕ್ಕು, ತಂದೆಯ ದಯೆಯಲ್ಲ, ತಾಯಿಯ ಔದಾರ್ಯವೂ ಅಲ್ಲ. ಆದರೆ ಇಚ್ಛೆ ಕೇಳುವುದು ಬೇರೆ, ಆಯ್ಕೆ ಹೇರುವುದು ಬೇರೆ. ನ್ಯಾಯಾಧೀಶರು ಕೋಣೆಯಲ್ಲಿ ಕೂರಿಸಿಕೊಂಡು ಶಾಲೆಯ ಸುದ್ದಿಯಿಂದ ಶುರುಮಾಡಿ ಕೇಳಬಹುದು. ಕಟ್ಟೆಯ ಮೇಲೆ ಹತ್ತು ಹಿರಿಯರ ನಡುವೆ ನಿಲ್ಲಿಸಿ 'ಯಾರ ಕೂಡ ಇರತಿ, ಹೇಳು' ಎಂದು ಕೇಳುವುದು ಕ್ರೌರ್ಯ. ಉತ್ತರ ಯಾವುದೇ ಇರಲಿ, ಅದೊಂದು ದ್ರೋಹದ ನೆನಪಾಗಿ ಜೀವಮಾನವಿಡೀ ಉಳಿಯುತ್ತದೆ. ಆ ಪ್ರಶ್ನೆಯನ್ನು ಇವತ್ತಿಗೇ ನಿಲ್ಲಿಸಬೇಕು.

ಹಾಗಾದರೆ ಹಿರಿಯರು ಕೂಡುವುದೇ ಬೇಡವೇ? ಬೇಕು, ಕೋರ್ಟಿಗಿಂತ ಅವರೇ ಹತ್ತಿರ. ವರ್ಜೀನಿಯಾದಲ್ಲಿ ರಾಬರ್ಟ್ ಎಮೆರಿ ಎಂಬವರು ಮಕ್ಕಳ ತಾಬೆಯ ಜಗಳದಲ್ಲಿದ್ದ ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಭಾಗ ಮಾಡಿ, ಒಂದು ಭಾಗವನ್ನು ಐದಾರು ಗಂಟೆಯ ಮಧ್ಯಸ್ಥಿಕೆಗೆ, ಇನ್ನೊಂದನ್ನು ಕೋರ್ಟಿನ ದಾರಿಗೆ ಬಿಟ್ಟರು. ಹನ್ನೆರಡು ವರ್ಷದ ಮೇಲೆ ನೋಡಿದರೆ, ಬೇರೆ ಮನೆಯಲ್ಲಿದ್ದ ತಂದೆ ಅಥವಾ ತಾಯಿ ವಾರಕ್ಕೊಮ್ಮೆಯಾದರೂ ಮಗುವನ್ನು ಕಾಣುತ್ತಿದ್ದುದು ಮಧ್ಯಸ್ಥಿಕೆಯ ಮನೆಗಳಲ್ಲಿ ಶೇಕಡಾ 28, ಕೋರ್ಟಿನ ಮನೆಗಳಲ್ಲಿ ಶೇಕಡಾ 9. ಕುಟುಂಬಗಳ ಸಂಖ್ಯೆ ಚಿಕ್ಕದು, ಒಪ್ಪುತ್ತೇನೆ. ಆದರೂ ಐದಾರು ಗಂಟೆಯ ಮಾತು ಹನ್ನೆರಡು ವರ್ಷ ಬಾಳಿದ್ದು ಸಣ್ಣದಲ್ಲ. ನಮ್ಮ ಪಂಚರು ಅದಕ್ಕಿಂತ ಹೆಚ್ಚು ಹೊತ್ತು ಕೂಡುತ್ತಾರೆ. ಆದರೆ ಆ ಹೊತ್ತೆಲ್ಲ ಬಂಗಾರ, ಭಾಂಡೆ, ಮದುವೆಯ ಖರ್ಚು, ತಪ್ಪುದಂಡದ ಮೇಲೆ ಹೋಗುತ್ತದೆ.

ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಕಟ್ಟಿ, ಯಾರು ಎಷ್ಟು ಕೊಟ್ಟರು, ಯಾವ ದಿನ ತಿರುಗಿಸಬೇಕು ಎಂದು ಬರೆದಿಡುವುದನ್ನು ದೇಶಕ್ಕೆ ತೋರಿಸಿದ ಜನ ನಾವು. ಹೊಂಬಳದ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಮುಂದಿನ ಸಲ ಗಂಡ-ಹೆಂಡಿರ ಬೇರಾಟದ ಕಾಗದಕ್ಕೆ ಸಹಿ ಬೀಳುವ ಮೊದಲು ಮಗುವಿನ ಹೆಸರು ಬರೆದು ಅದರ ಕೆಳಗೆ ನಾಲ್ಕು ಸಾಲು ಬರೆಸಿರಿ: ಎಲ್ಲಿ ಇರುತ್ತದೆ, ಇನ್ನೊಬ್ಬರನ್ನು ಯಾವ ದಿನ ಕಾಣುತ್ತದೆ, ಯಾರು ಕರೆದೊಯ್ದು ಯಾರು ತಂದುಬಿಡುತ್ತಾರೆ, ಈ ಸುದ್ದಿಯನ್ನು ಅದಕ್ಕೆ ಯಾರು ಹೇಳುತ್ತಾರೆ. ಮರುದಿನವೇ ಮಗುವನ್ನು ಊರ ಸರಕಾರಿ ಶಾಲೆಗೆ ಹಚ್ಚಿರಿ. ಆ ಊರಿನ ಟಿ.ಸಿ. ಬರುವವರೆಗೆ ಕಾಯುವುದು ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನ ಪ್ರಕಾರ ಟಿ.ಸಿ. ತಡವಾಯಿತೆಂದು ಮಗುವಿನ ದಾಖಲಾತಿಯನ್ನು ಯಾವ ಮುಖ್ಯೋಪಾಧ್ಯಾಯರೂ ನಿರಾಕರಿಸುವಂತಿಲ್ಲ.